ಜಿಂದೊ ಹುಡುಗಿಯ ಕೋಣೆ

ಗುಡ್ಡ ಇಳಿದು ಬಂದ ಬೊಕ್‌ನಿಮ್ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಕ್ಕರಿಸಿದಳು. ಮಾರುಕಟ್ಟೆಯಲ್ಲಿ ಮೀನು ಸೀಳಿ ಸೀಳಿ ಸೆಟೆದ ಬೆರಳುಗಳಿಗಿಂತ ಈಗ ಮಂಡಿಯೇ ಹೆಚ್ಚು ನೋಯುತ್ತಿತ್ತು. ಮೊಕ್ಪೊ ಬಂದರಿನ ಮೇಲಣ ಗುಡ್ಡದಲ್ಲಿ ರಸ್ತೆ ಅಗಲವಾಗುವುದಿತ್ತು. ಅವಳ ಹೆಂಚಿನ ಮನೆ ಸರಿಯಾಗಿ ಅದರ ದಾರಿಗೆ ಅಡ್ಡವಾಗಿತ್ತು.

ಹಳೆಮನೆ ಉಳಿಸುವ ಸಂಘದ ತಾಕ್ ಅವಳಿಗೆ ಹೇಳಿದ್ದ: "ಅಕ್ಕಾ, ನಿಮ್ಮನೇಲಿ ಹಿಂದೆ ಯಾರಾದ್ರೂ ಹೆಸರುವಾಸಿಗಳು ಇದ್ರಾ ವಿಚಾರಿಸಿ. ಒಬ್ಬ ಹಾಡುಗಾರನೋ, ಹೋರಾಟಗಾರನೋ. ಅಂಥೋರು ಸಿಕ್ರೆ ಮನೆ ಉಳಿಸೋಕೆ ನಾವು ಓಡಾಡಬಹುದು."

ಅಂದಿನಿಂದ ಅವಳು ತಟ್ಟದ ಬಾಗಿಲಿಲ್ಲ. ಆ ಮನೆಯಲ್ಲಿ ಹಿಂದೆ ಇದ್ದವರೆಂದು ಗೊತ್ತಾದವರು ಬಲೆ ಹೆಣೆಯುವವನು, ಉಪ್ಪು ಮಾರುವವಳು, ಒಬ್ಬ ಕುಡುಕ ಬಡಗಿ. "ಆ ಮನೆಗೆಂಥ ಚರಿತ್ರೆ? ಬಾಡಿಗೆ ಕಮ್ಮಿ ಅಂತ ಬರ್ತಿದ್ರು, ನೀರಿಲ್ಲ ಅಂತ ಹೋಗ್ತಿದ್ರು" ಎಂದು ಅಂಗಡಿಯ ಮುದುಕ ನಕ್ಕಿದ್ದ. ಉಳಿದಿದ್ದವಳು ಪಿಲ್ನಿಯೊ ಅಜ್ಜಿ ಒಬ್ಬಳೇ. ಹರೆಯದಲ್ಲಿ ಆ ಮನೆಯಲ್ಲಿ ಬಾಡಿಗೆಗಿದ್ದವಳು, ಈಗ ಊರಾಚೆಯ ವೃದ್ಧಾಶ್ರಮದಲ್ಲಿದ್ದಳು. ಇವತ್ತು ಬಸ್ಸಿಗೆ ಕಾದಿದ್ದು ಅಲ್ಲಿಗೆ ಹೋಗಲೆಂದೇ.

"ಇನ್ನೂ ಬಿದ್ದಿಲ್ವಾ ಅದು?" ಅಜ್ಜಿಯ ಮೊದಲ ಮಾತೇ ಇದು.

"ಉಳಿಸ್ಕೊಳ್ಳೋಕೆ ನೋಡ್ತಿದ್ದೀನಜ್ಜಿ."

"ಹುಚ್ಚೇನೇ ನಿಂಗೆ? ಬೀಳ್ಲಿ ಬಿಡು. ಆ ಗುಡ್ಡಕ್ಕೆ ನೀರು ಹೊತ್ತೂ ಹೊತ್ತೂ ನನ್ನ ಬೆನ್ನು ಬಿಲ್ಲಾಗೋಯ್ತು."

ಬೊಕ್‌ನಿಮ್ ಏಳಹೋದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದಳು. "ಯಾವ ಕೋಣೇಲಿ ಮಲಗ್ತೀಯ?"

"ಹಿಂದಿನ ಚಿಕ್ಕದ್ರಲ್ಲಿ. ಅದೇ ಬೆಚ್ಚಗಿರುತ್ತೆ."

ಅಜ್ಜಿ ಕಿಟಕಿಯತ್ತ ಮುಖ ತಿರುಗಿಸಿದಳು. "ಅಲ್ಲಿ ಹೊಸದಾಗಿ ಮದ್ವೆಯಾದೋರಿದ್ರು. ಹುಡುಗಿ ಜಿಂದೊ ದ್ವೀಪದೋಳು. ಆಗೆಲ್ಲ ಕೋಣೆ ಬೆಚ್ಚಗಿರಲಿ ಅಂತ ನೆಲದಡಿ ಕಲ್ಲಿದ್ದಲು ಉರಿಸ್ತಿದ್ವಲ್ಲ, ಆ ವಿಷಗಾಳಿ ನೆಲದ ಬಿರುಕಲ್ಲಿ ಮೇಲೆ ಬಂತು. ಚಳಿಗಾಲದ ಒಂದು ಬೆಳಿಗ್ಗೆ ಇಬ್ರೂ ಏಳ್ಲೇ ಇಲ್ಲ. ಮನೆ ಯಜಮಾನ ಬಿರುಕು ಮುಚ್ಚೋಕೆ ನೆಲಕ್ಕೆ ಹೊಸ ಕಾಗದ ಅಂಟಿಸಿ ಆ ಕೋಣೇನೂ ನಮಗೇ ಕೊಟ್ಟ. ಗೊತ್ತಿದ್ದೂ ತಗೊಂಡ್ವಿ. ಮಕ್ಕಳಿಗೆ ಚಳಿ."

"ಅವಳ ಹೆಸರೇನಜ್ಜಿ?"

"ಜಿಂದೊ ಹುಡುಗಿ ಅಂತಿದ್ವಿ. ಹೆಸರು ಕೇಳೋಕೆ ಯಾರಿಗಿತ್ತು ಪುರುಸೊತ್ತು? ನಗು ಮಾತ್ರ ಜೋರು. ಗೋಡೆಯಾಚೆ ಕೇಳಿಸೋದು, ನಾನು ಬೈಯೋಳು."

ವಿಷಯ ತಿಳಿದ ತಾಕ್ ಫೋನಿನಲ್ಲಿ ಲೊಚಗುಟ್ಟಿದ. "ಪಾಪ. ಆದ್ರೆ ಅಕ್ಕಾ, ಆಗ ಇದು ಎಷ್ಟೋ ಮನೇಲಿ ಆಗ್ತಿತ್ತು. ಇಷ್ಟಕ್ಕೆ ಮನೆ ಉಳಿಯಲ್ಲ."

"ಗೊತ್ತಪ್ಪ," ಎಂದಳು. ಮುಂದೆ ಯಾರನ್ನೂ ಏನನ್ನೂ ಕೇಳಲಿಲ್ಲ. ಗುಡ್ಡದ ಕೆಳಗೆ ಲಿಫ್ಟ್ ಇರುವ ಮನೆಯೊಂದಕ್ಕೆ ಹೋಗಲು ಒಪ್ಪಿಕೊಂಡಳು.

ಹೊರಡುವ ದಿನ ಸಾಮಾನೆಲ್ಲ ಲಾರಿಗೇರಿದ ಮೇಲೆ, ಚಿಕ್ಕ ಕೋಣೆಯಲ್ಲಿ ಎರಡು ಬಟ್ಟಲು ಅನ್ನ, ಸಾರು, ಒಂದು ಒಣಮೀನು ಇಟ್ಟಳು. ಮಕ್ಕಳಿಲ್ಲದೆ ಸತ್ತವರಿಗೆ ಎಡೆ ಇಡುವವರು ಯಾರು? ಒಮ್ಮೆ ಅಡ್ಡಬಿದ್ದಳು. ಎರಡನೆಯ ಸಲ ಬಿದ್ದವಳಿಗೆ ಏಳಲಾಗಲಿಲ್ಲ. ಹಣೆ ನೆಲಕ್ಕಿಟ್ಟು ಹಾಗೇ ಇದ್ದಳು. ಅಳು ಬರಲಿಲ್ಲ, ನಿದ್ದೆ ಬಂದಂತಾಯಿತು.

"ಅಮ್ಮಾ, ಆಯ್ತಾ?" ಲಾರಿಯವನು ಹೊರಗಿನಿಂದ ಕೂಗಿದ.

"ಬಂದೆ ಇರು. ಊಟ ಆಗ್ತಿದೆ."

ಗೋಡೆ ಹಿಡಿದು ಎದ್ದು ಕುಳಿತಳು. ಅನ್ನ ಆಗಲೇ ತಣ್ಣಗಾಗಿತ್ತು. ಚೆಲ್ಲಲು ಮನಸ್ಸಾಗದೆ ಎರಡೂ ಬಟ್ಟಲನ್ನು ತಾನೇ ನಿಧಾನವಾಗಿ ಉಂಡಳು.