ಬಿಳಿ ಹೂವು ಬಂದರೂ ವಿಚಾರಿಸಿ

ನನ್ನ ತಂಗಿ ಮಾಲತಿ ನರ್ಸ್ ಆಗಬೇಕೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಆಸೆ. ಅವಳು ವಿಜ್ಞಾನ ತೆಗೆದುಕೊಂಡು ಹನ್ನೆರಡನೇ ತರಗತಿ ಪಾಸಾಗಿದ್ದಳು. ನಾನು ಏಳಕ್ಕೇ ಶಾಲೆ ಬಿಟ್ಟವಳು. ಹರೂರಿನ ಹತ್ತಿರ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಮಿಲ್ಲಿನಲ್ಲಿ ನನಗೆ ಕೆಲಸ. ಮರಗೆಣಸಿನ ಹಿಟ್ಟಿನಿಂದ ಮಾಡಿದ ಜವ್ವರಿಸಿಯನ್ನು ಬಿಸಿಲಿಗೆ ಹರವುತ್ತೇನೆ. ಅಲ್ಲಿ ಒಂದು ಮಾತು ಕಲಿತಿದ್ದೇನೆ. ಅತಿ ಬೆಳ್ಳಗೆ ಕಂಡದ್ದನ್ನು ಮೊದಲು ಮೂಸಿ ನೋಡಬೇಕು, ಬಿಳುಪಿಗೆಂದು ಮದ್ದು ಹಾಕಿರುತ್ತಾರೆ.

ಆ ಬೇಸಿಗೆಯಲ್ಲಿ ಲಕ್ಷ್ಮಣನ್ ಎಂಬುವವರು ನಮ್ಮ ಊರಿಗೆ ಬಂದರು. ಸೇಲಂನ ಒಂದು ನರ್ಸಿಂಗ್ ಶಾಲೆಗೆ ಹುಡುಗಿಯರನ್ನು ಸೇರಿಸುವವರು.

“ಒಂದೇ ವರ್ಷ, ನಾರಪ್ಪಣ್ಣ,” ಎಂದು ಅಪ್ಪನಿಗೆ ಹೇಳಿದರು. “ಮುಗೀತಿದ್ದಂಗೆ ಗೌರ್ಮೆಂಟ್ ಕೆಲಸ. ಕವಲೆಪ್ಪಡಾದೀಂಗ, ಚಿಂತೆ ಮಾಡ್ಬೇಡಿ. ಮಾರ್ಕ್‌ಶೀಟು, ಟೀಸಿ ಮಾತ್ರ ಒರಿಜಿನಲ್ಲೇ ಬೇಕು. ಶುಕ್ರವಾರ ಬಂದು ಈಸ್ಕೊತೀನಿ.”

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮುಂಚೆ ಹೂ ಕಟ್ಟಿ ಕೇಳುತ್ತಾರೆ. ಒಂದು ಎಲೆಯಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು ಹೂವು ಕಟ್ಟಿ ಮಾರಿಯಮ್ಮನ ಮುಂದೆ ಇಡುತ್ತಾರೆ. ಯಾವುದರಲ್ಲಿ ಯಾವ ಹೂವೆಂದು ಗೊತ್ತಿಲ್ಲದೆ ಒಂದು ಪೊಟ್ಟಣ ಎತ್ತಬೇಕು. ಬಿಳಿ ಬಂದರೆ ಅಮ್ಮನ ಒಪ್ಪಿಗೆ. ಅವತ್ತು ಎತ್ತಿದವಳು ನಾನು. ಬಿಳಿ ನಂದಿಬಟ್ಟಲು ಬಂತು.

“ಅಮ್ಮನೇ ಯೋಳ್ಬುಟ್ಳು. ಇನ್ನ್ಯಾರ್ನ ಕೇಳಾದು?” ಎಂದರು ಅಪ್ಪ.

ಮಾರನೆಯ ದಿನ ಅಪ್ಪ, ಮಾಲತಿ, ನಾನು ಲಕ್ಷ್ಮಣನ್ ಜೊತೆ ಶಾಲೆ ನೋಡಲು ಸೇಲಂಗೆ ಹೋದೆವು. ಅಂಗಡಿಯ ಮೇಲೊಂದು ಮಹಡಿ. ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ಕೂತಿದ್ದರು. ಮೂಲೆಯಲ್ಲಿ ರೋಗಿಯ ಮಂಚ. ಆದರೆ ಹಾಸಿಗೆಗೆ ಅಂಗಡಿಯಲ್ಲಿ ಸುತ್ತಿದ ಪ್ಲಾಸ್ಟಿಕ್ ಹಾಗೇ ಇತ್ತು. ನಾನು ಮೂಸಿದೆ. ಆಸ್ಪತ್ರೆಯ ವಾಸನೆಯೇ ಇಲ್ಲ, ಬರೀ ಹೊಸ ಬಣ್ಣದ ವಾಸನೆ.

“ನಿಮ್ಗೆ ಯಾವ ಆಸ್ಪತ್ರೇಲಿ ಡ್ಯೂಟಿ?” ಎಂದು ಒಬ್ಬ ಹುಡುಗಿಯನ್ನು ಮೆಲ್ಲಗೆ ಕೇಳಿದೆ. ಅವಳು ಲಕ್ಷ್ಮಣನ್ ಕಡೆ ನೋಡಿ ತಲೆ ತಗ್ಗಿಸಿದಳು.

ಮನೆಗೆ ಬಂದರೂ ನನಗೆ ಬಾಯಿ ಬರಲಿಲ್ಲ. ಬಿಳಿ ಹೂವು ಎತ್ತಿದ್ದು ನನ್ನ ಕೈಯೇ ಅಲ್ಲವೇ? ಆದರೂ ಮನಸ್ಸು ತಡೆಯಲಿಲ್ಲ. ಗುರುವಾರ ಸಂಜೆ ನಮ್ಮ ಬೀದಿಯ ರಾಜಾತಿ ಅಕ್ಕನನ್ನು ಕರೆದುಕೊಂಡು ಬಂದೆ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್.

“ವರ್ಷಕ್ಕೆಲ್ಲ ನರ್ಸ್ ಆಗಕ್ಕಾಗಲ್ಲ, ನಾರಪ್ಪಣ್ಣ,” ಎಂದರು ರಾಜಾತಿ ಅಕ್ಕ. “ಡಿಪ್ಲೊಮಾ ಅಂದ್ರೆ ಮೂರು ವರ್ಷಕ್ಕೆ ಕಮ್ಮಿ ಇಲ್ಲ. ಬಿ.ಎಸ್ಸಿ. ಆದ್ರೆ ನಾಕು ವರ್ಷ. ಶಾಲೆಗೆ ನರ್ಸ್‌ಗಳ ಕೌನ್ಸಿಲ್ ಒಪ್ಪಿಗೆ ಇರ್ಬೇಕು, ಕಲಿಯಾಕೆ ಆಸ್ಪತ್ರೆ ಇರ್ಬೇಕು. ರೋಗಿ ಮೈ ಮುಟ್ದೆ ಎಂಥಾ ನರ್ಸು? ಪಾಸಾದ ಮ್ಯಾಲೆ ಮದ್ರಾಸ್‌ನಾಗಿರೋ ಕೌನ್ಸಿಲ್‌ನಾಗೆ ಎಸ್ರು ರಿಜಿಸ್ಟರ್ ಮಾಡಿಸ್ಬೇಕು. ಆಗ್ಲೇ ರಿಜಿಸ್ಟರ್ಡ್ ನರ್ಸು.”

ಅಪ್ಪನಿಗೆ ಈಗ ರಾಜಾತಿ ಅಕ್ಕನ ಮೇಲೇ ಅನುಮಾನ ಬಂತು.

“ನೀನು ಮ್ಯಾಲಕ್ಕೆ ಅತ್ಬುಟ್ಟು ಏಣಿ ಎಳ್ಕೊಂತಿದೀಯ. ನಮ್ಮುಡ್ಗಿ ನಿನ್ನ ಸಮಕ್ಕೆ ನಿಂತ್ರೆ ನಿಂಗೆ ಚುಚ್ತದಾ?”

“ಚುಚ್ಚೋದು ನನ್ ಕೆಲಸ ಕಣಣ್ಣ,” ರಾಜಾತಿ ಅಕ್ಕ ನಕ್ಕರು. “ಸರಿ, ನನ್ನೂ ನಂಬ್ಬ್ಯಾಡ, ಅವನ್ನೂ ನಂಬ್ಬ್ಯಾಡ. ಮೊರಪ್ಪೂರಾಗೆ ರೈಲತ್ತಿ ಮದ್ರಾಸ್‌ಗೋಗು. ಆ ಶಾಲೆ ಎಸ್ರು ಯೋಳಿ ಕೌನ್ಸಿಲ್‌ನಾಗೆ ಕೇಳು. ಅಲ್ಲಿಗಂಟ ಒರಿಜಿನಲ್ ಕೈ ಬಿಡ್ಬ್ಯಾಡ. ಅದು ಅವನ ಬೀರು ಸೇರಿದ್ರೆ ನಮ್ ಮಾಲತಿ ಬ್ಯಾರೆ ಎಲ್ಲೂ ಸೇರಕ್ಕಾಗಲ್ಲ.”

ನಮ್ಮಮ್ಮ ಕುಪ್ಪಮ್ಮ ಒಲೆಯ ಹತ್ತಿರದಿಂದಲೇ ಕೇಳಿದರು. “ಹಂಗಾರೆ ಮಾರಿಯಮ್ಮ ಬಿಳಿ ಹೂ ಯಾಕ್ ಕೊಟ್ಳು?”

“ನೀವು ಏನಂತ ಕೇಳಿದ್ರಿ, ಕುಪ್ಪಕ್ಕ?”

“ಮಗಳು ನರ್ಸ್ ಆಗ್ಲಾ ಅಂತ.”

“ಆಗ್ಲಿ ಅಂದವ್ಳೆ. ಯಾವ ಶಾಲೇಲಿ ಅಂತ ನೀವು ಕೇಳ್ಲೇ ಇಲ್ವಲ್ಲ.”

ಅಪ್ಪ ಎದ್ದು ಹೊರಗೆ ಹೋದರು.

ಶುಕ್ರವಾರ ಲಕ್ಷ್ಮಣನ್ ಬಂದರು. ಸರ್ಟಿಫಿಕೇಟಿನ ಚೀಲ ಅಪ್ಪನ ತೊಡೆಯ ಮೇಲಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಚೀಲ ಆ ಕಡೆ ಹೋಗುವ ಮುಂಚೆ ಹೇಗೋ ಬಾಯಿ ಬಂತು.

“ಸಾರ್, ಓದು ಮುಗಿದ ಮ್ಯಾಲೆ ನಮ್ ಮಾಲತಿ ಎಸ್ರು ಕೌನ್ಸಿಲ್‌ನಾಗೆ ರಿಜಿಸ್ಟರ್ ಆಗ್ತದಾ?”

ಅವರು ನನ್ನನ್ನು ನೋಡಲಿಲ್ಲ. “ಅದೆಲ್ಲಾ ಅಪ್ಪುರಂ ಪಾತ್ತುಕ್ಕಲಾಂ, ಆಮೇಲಿನ ಮಾತು,” ಎಂದು ಅಪ್ಪನಿಗೇ ಹೇಳಿದರು. “ಈ ಪೊಣ್ಣು ಎಷ್ಟು ಓದೈತೆ?”

“ಏಳು,” ಎಂದರು ಅಪ್ಪ.

“ಅದ್ಕೇ,” ಎಂದು ಲಕ್ಷ್ಮಣನ್ ನಕ್ಕರು.

ಅಪ್ಪ ನಗಲಿಲ್ಲ. “ಏಳು ಓದಿರೋಳು ಕೇಳಿದ್ಕೇ ನಿಮ್ಮತ್ರ ಜವಾಬಿಲ್ವಾ?” ಎಂದು ಚೀಲವನ್ನು ಹಿಂದಕ್ಕೆ ಎಳೆದುಕೊಂಡರು.

ಮುಂದಿನ ವಾರ ಅಪ್ಪ ಮಾಲತಿಯನ್ನು ಕರೆದುಕೊಂಡು ಮದ್ರಾಸಿಗೆ ಹೋದರು. ಆ ಹೆಸರಿನ ಶಾಲೆಗೆ ಒಪ್ಪಿಗೆ ಕೊಟ್ಟೇ ಇಲ್ಲವೆಂದು ಕೌನ್ಸಿಲ್‌ನಲ್ಲಿ ಹೇಳಿದರು. ಬಂದವರೇ ಅಪ್ಪ ರಾಜಾತಿ ಅಕ್ಕನ ಬಾಗಿಲಿಗೆ ಹೋಗಿ, “ಏಣಿ ಎಲ್ಲೈತೆ ತೋರ್ಸಮ್ಮ,” ಎಂದರು. ಸರ್ಕಾರಿ ನರ್ಸಿಂಗ್ ಶಾಲೆಗೆ ಪೇಪರಿನಲ್ಲಿ ಪ್ರಕಟಣೆ ಬಂದಾಗ ಅರ್ಜಿ ಹಾಕಿಸಿದ್ದು ಅವರೇ. ಮಾಲತಿಗೆ ಸೀಟು ಸಿಕ್ಕಿತು.

ಪೊಂಗಲ್ ರಜೆಗೆ ಬಂದಾಗ ಅವಳ ಕೈ ತೊಳೆದು ತೊಳೆದು ಒರಟಾಗಿತ್ತು. ಸೀರೆ ಬಿಳಿಯೇ. ಒಗೆಯಲು ತೆಗೆದುಕೊಂಡವಳು ಮೊದಲು ಮೂಸಿದೆ. ಡೆಟಾಲ್, ಬೆವರು, ಔಷಧಿ. ಆ ಮಹಡಿಯಲ್ಲಿ ಇಲ್ಲದಿದ್ದ ವಾಸನೆ ಇದೇ.

ಅಕ್ಕತಂಗಿಯರೇ, ನಿಮ್ಮ ಮನೆಯ ಹುಡುಗಿ ನರ್ಸ್ ಆಗುತ್ತೇನೆ ಎಂದರೆ ಬೇಡವೆನ್ನಬೇಡಿ. ಆದರೆ ಕರೆಯಲು ಬಂದವರ ಮೇಲೆ ಅನುಮಾನ ಪಡಿ, ಅದು ತಪ್ಪಲ್ಲ. ಶಾಲೆಗೆ ಕೌನ್ಸಿಲ್ ಒಪ್ಪಿಗೆ ಇದೆಯೇ, ಯಾವ ಆಸ್ಪತ್ರೆಯಲ್ಲಿ ಕಲಿಸುತ್ತಾರೆ, ಕೊನೆಗೆ ಹೆಸರು ರಿಜಿಸ್ಟರ್ ಆಗುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಿ. ಕೌನ್ಸಿಲ್‌ನಲ್ಲಿ ವಿಚಾರಿಸುವವರೆಗೆ ಸರ್ಟಿಫಿಕೇಟು ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ಕೇಳಲು ಹೆಚ್ಚು ಓದಿರಬೇಕಾಗಿಲ್ಲ. ಏಳು ಓದಿದ ನಾನೇ ಕೇಳಿದೆ.