ಹೆಂಡತಿ ಸತ್ತಿದ್ದಕ್ಕಲ್ಲ

ಸುಟ್ಟ ಮೋಟಾರನ್ನು ಬೆಂಚಿನ ಮೇಲೆ ಇಟ್ಟ ಕೂಡಲೇ ಗಿರಾಕಿಗಳು ಕಾರಣ ಹೇಳಲು ಶುರುಮಾಡುತ್ತಾರೆ. ಕರೆಂಟ್ ಜಾಸ್ತಿ ಬಂತು, ಕರೆಂಟ್ ಕಮ್ಮಿ ಬಂತು, ಸ್ವಿಚ್ ಆರಿಸೋದು ಹೆಂಡತಿ ಮರೆತಳು. ಮೇಸ್ತ್ರಿ ಯಾವುದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾಲ್ಕು ಬೋಲ್ಟ್ ಬಿಚ್ಚಿ, ಮುಚ್ಚಳ ತೆಗೆದು, ಕರಕಲಾದ ತಂತಿಯ ಸುರುಳಿಯನ್ನು ಮೂಸಿ, ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿದ ಮೇಲೆಯೇ ಅವನು ಬಾಯಿ ಬಿಚ್ಚುತ್ತಿದ್ದುದು. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಆ ಅಂಗಡಿಯಲ್ಲಿ ಅವನು ಮೂವತ್ತು ವರ್ಷ ಕಳೆದಿದ್ದ. ವಾರ್ನಿಷ್ ವಾಸನೆ ಅವನ ಅಂಗಿಗಲ್ಲ, ಚರ್ಮಕ್ಕೇ ಹತ್ತಿಕೊಂಡಿತ್ತು.

ಅವತ್ತು ಚರ್ಚಿನ ನೀರಿನ ಪಂಪನ್ನು ಹೊತ್ತು ತಂದವರು ಆ ಸಭೆಯ ಹಿರಿಯರೊಬ್ಬರು.

"ಕರೆಂಟ್ ಏರುಪೇರಾಯ್ತು ಮೇಸ್ತ್ರಿ, ಅದಕ್ಕೇ ಸುಟ್ಟಿದ್ದು."

"ಬಿಚ್ಚಿ ನೋಡ್ತೀನಿ."

"ನೋಡೋದೇನು, ನಾನೇ ಹೇಳ್ತಿದೀನಲ್ಲ."

"ನೀವೇ ಹೇಳೋ ಹಾಗಿದ್ರೆ ನೀವೇ ಸುತ್ಕೊಳ್ಳಿ. ಇಲ್ಲಿಗ್ಯಾಕೆ ಹೊತ್ಕೊಂಡು ಬಂದ್ರಿ?"

ಹಿರಿಯರು ನಕ್ಕು ಸ್ಟೂಲ್ ಎಳೆದುಕೊಂಡು ಕುಳಿತರು. ಆಸ್ಪತ್ರೆಯಲ್ಲಿ ರೋಗಿಯ ಮುಂದೆ ಮಾತಾಡುವ ದನಿ ತೆಗೆದರು. "ಶನಿವಾರ ನಿಮ್ಮನೆಗೆ ಬರ್ತಿದೀವಿ. ನಿಮ್ಮ ಮನೆಯವರು ಹೋಗಿ ವರ್ಷ ಆಯ್ತಲ್ಲ, ನೆನಪಿನ ಪ್ರಾರ್ಥನೆ. ಮಗಳು ಎಲ್ಲಾರನ್ನೂ ಕರೆದಿದಾಳೆ, ಪಾಸ್ಟರೂ ಬರ್ತಾರೆ. ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಮೇಸ್ತ್ರಿ. ಅಂಥಾ ಹೆಂಡತಿ ಹೋದ್ರೆ ಯಾರಿಗಾದ್ರೂ ದೇವರ ಮೇಲೆ ಸಿಟ್ಟು ಬರುತ್ತೆ."

"ಇಲ್ಲದೋನ ಮೇಲೆ ಏನಂತ ಸಿಟ್ಟು ಮಾಡ್ಕೊಳ್ಲಿ?"

"ಇದೇ ನೋಡಿ. ಇದೇ ಆ ಸಿಟ್ಟು," ಎಂದರು ಹಿರಿಯರು, ಕಣ್ಣಲ್ಲಿ ನೀರು ತಂದುಕೊಂಡು.

ಇಂಥವರ ಜೊತೆ ಏನು ಮಾತಾಡುವುದು? ಕೂಗಾಡಿದರೆ ಗಾಯ ಉರಿಯುತ್ತಿದೆ ಅನ್ನುತ್ತಾರೆ, ಸುಮ್ಮನಿದ್ದರೆ ಗಾಯ ಆಳವಾಗಿದೆ ಅನ್ನುತ್ತಾರೆ, ನಕ್ಕರೆ ಪಾಪ, ಗಾಯ ಮುಚ್ಚಿಟ್ಟುಕೊಳ್ಳುತ್ತಿದ್ದಾನೆ ಅನ್ನುತ್ತಾರೆ.

ಅವನು ಚರ್ಚಿಗೆ ಹೋಗುವುದನ್ನು ಬಿಟ್ಟದ್ದು ಹೆಂಡತಿಯ ಮಣ್ಣಾದ ಮೇಲೆ. ಮೊದಮೊದಲು ತಲೆಗೊಂದು ಕಾರಣ ಹುಟ್ಟಿತು. ಯಾರೋ ಸಮಿತಿಯಲ್ಲಿ ಅವಮಾನ ಮಾಡಿದರಂತೆ. ಕುಡಿತ ಹತ್ತಿದೆಯಂತೆ. ಇನ್ನೊಬ್ಬ ಹೆಂಗಸಿನ ಮೇಲೆ ಕಣ್ಣಂತೆ, ದೇವರಿದ್ದರೆ ಅಡ್ಡಿಯಂತೆ. ಕೊನೆಗೆ ದುಃಖ ಗೆದ್ದಿತು. ಅದು ಎಲ್ಲರಿಗೂ ಅನುಕೂಲವಾದ ಕಾರಣ. ಸಭೆಯದೂ ತಪ್ಪಿಲ್ಲ, ದೇವರದೂ ತಪ್ಪಿಲ್ಲ, ಮೇಸ್ತ್ರಿಯದೂ ತಪ್ಪಿಲ್ಲ. ಮುನಿಸಿಕೊಂಡ ಮಗು ಇವತ್ತಲ್ಲ ನಾಳೆ ಊಟಕ್ಕೆ ಬಂದೇ ಬರುತ್ತದೆ ಎಂದು ಎಲ್ಲರೂ ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು.

ನಿಜವಾಗಿ ನಡೆದದ್ದು ಹೇಳಿಕೊಳ್ಳುವಂಥದ್ದೇ ಅಲ್ಲ. ಆಗ ಹೆಂಡತಿ ಇನ್ನೂ ಗಟ್ಟಿಮುಟ್ಟಾಗಿದ್ದಳು. ಒಂದು ಗುರುವಾರ ಮಧ್ಯಾಹ್ನ. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಇವನು ಭಾನುವಾರ ಯುವಕರಿಗೆ ಹೇಳಬೇಕಾದ ಪಾಠಕ್ಕೆ ತಯಾರಿ ಮಾಡುತ್ತಿದ್ದ. ಹನ್ನೊಂದು ವರ್ಷದಿಂದ ಆ ಪಾಠ ಅವನದೇ. ಕಾಯಿಲೆ ವಾಸಿಯಾದರೆ ದೇವರ ಕರುಣೆ ಎಂದು ಬರೆದ. ವಾಸಿಯಾಗದಿದ್ದರೆ ದೇವರ ಚಿತ್ತ ಎಂದು ಅದರ ಕೆಳಗೆ ಬರೆದ. ಬರೆದು ನೋಡಿದ. ಕರೆಂಟ್ ಇರುವ ತಂತಿಗೂ ಉರಿದು, ಇಲ್ಲದ ತಂತಿಗೂ ಉರಿಯುವ ಟೆಸ್ಟರ್ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದರೆ ಕಸದ ಡಬ್ಬಕ್ಕೆ ಎಸೆಯುತ್ತಿದ್ದೆನಲ್ಲ ಅನ್ನಿಸಿತು. ಅಷ್ಟೇ. ಗುಡುಗಿಲ್ಲ, ಸಿಡಿಲಿಲ್ಲ. ಹೆಂಡತಿ ಬಂದು "ಟೀ ಮಾಡ್ಲಾ?" ಅಂದಳು. "ಮಾಡು" ಅಂದ. ಆಮೇಲೂ ಮೂರು ವರ್ಷ ಅವಳ ಪಕ್ಕ ಕುಳಿತು ಹಾಡಿದ. ಯಾಕೆಂದರೆ ಅವಳ ಪಕ್ಕ ಕುಳಿತುಕೊಳ್ಳುವುದು ಅವನಿಗೆ ಇಷ್ಟವಿತ್ತು.

ಹಿರಿಯರು ಹೋದ ಮೇಲೆ ದರ್ಜಿ ಬಂದ. ಅವನದು ಎರಡು ಅಂಗಡಿಯಾಚೆ. ಅವನೂ ಸಭೆ ಬಿಟ್ಟವನೇ, ಮೇಸ್ತ್ರಿಗಿಂತ ಆರು ವರ್ಷ ಮೊದಲು.

"ಏನಂತೆ ಮುದುಕಂಗೆ?"

"ನಂಗೆ ದುಃಖ ಆಗಿದೆಯಂತೆ."

"ಆಗ್ಲಿ ಬಿಡೋ. ನನ್ನ ನೋಡು, ಹಾಡೋರ ನಿಲುವಂಗಿ ಹೊಲಿಯೋ ಕೆಲಸ ಬೇರೆಯವನಿಗೆ ಕೊಟ್ರು, ಅದಕ್ಕೇ ದೇವರನ್ನೇ ಬಿಟ್ಟ ಅಂತಾರೆ. ಹೂಂ ಕಣ್ರಪ್ಪ ಅಂದೆ. ಅವತ್ತಿಂದ ನೆಮ್ಮದಿ."

"ಅದು ನಿಜ ಅಲ್ವಲ್ಲ."

"ನಿಜ ಯಾರಿಗೆ ಬೇಕಾಗಿತ್ತೋ? ಅವರು ಅಂಗಿ ಹೊಲ್ಕೊಂಡೇ ಬಂದಿರ್ತಾರೆ. ನಿನ್ನ ಮೈಗೆ ಆಗದಿದ್ರೆ ಮೈಯನ್ನೇ ಕತ್ತರಿಸ್ತಾರೆ. ನಂಗೆ ಕೊಟ್ಟಿದ್ದು ದುರಾಸೆ. ನಿಂಗೆ ದುಃಖ ಕೊಟ್ಟಿದಾರೆ, ಎಷ್ಟೋ ವಾಸಿ. ತೊಟ್ಕೊಂಡು ಸುಮ್ನಿರು."

"ನಡುವೆ ಅವಳನ್ನ ಯಾಕೆ ಎಳೀಬೇಕು? ಅವಳು ಸತ್ತು ನನ್ನ ಕೆಡಿಸಿದಳು ಅನ್ನೋ ಹಾಗೆ ಮಾತಾಡ್ತಾರಲ್ಲೋ."

"ನಿನ್ನ ಮಗಳ ಮುಖ ನೋಡ್ಕೊಂಡಾದ್ರೂ ಬಾಯಿಗೆ ಬೀಗ ಹಾಕು, ಮಾರಾಯ."

ದರ್ಜಿ ಸರಿಯಾದ ಜಾಗಕ್ಕೇ ಸೂಜಿ ಚುಚ್ಚಿದ್ದ. ಮೇಸ್ತ್ರಿಗೆ ಇದ್ದವಳು ಒಬ್ಬಳೇ ಮಗಳು. ಮದುವೆಯಾಗಿ ಎರಡು ಬೀದಿಯಾಚೆ ಇದ್ದಳು, ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಚಿಕ್ಕಂದಿನಲ್ಲಿ ಅವಳು ಅಮ್ಮನ ಸೆರಗು ಬಿಟ್ಟವಳಲ್ಲ. ಸಿಡುಕ ಅಪ್ಪನನ್ನು ಕಂಡರೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ಅಮ್ಮ ಹೋದ ಮೇಲೆ ಮಾತ್ರ ದಿನಾ ಸಂಜೆ ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಅಪ್ಪನ ಎದುರು ಕೂರುವ ರೂಢಿ ಮಾಡಿಕೊಂಡಿದ್ದಳು. "ಅಪ್ಪ, ದೇವರಿಗೇನೂ ಅವಸರ ಇಲ್ಲ. ಮೊದಲು ನಿನ್ನ ನೋವು ಆರ್ಲಿ," ಎಂದು ಅವನ ಕೈ ಹಿಡಿದುಕೊಳ್ಳುತ್ತಿದ್ದಳು. ಆ ಅರ್ಧ ಗಂಟೆ ಯಾವುದರ ಮೇಲೆ ನಿಂತಿದೆ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಗಾಯವೇ ಇಲ್ಲ ಎಂದರೆ ಆ ಕೈ ಎಲ್ಲಿರುತ್ತದೆ?

ಶುಕ್ರವಾರ ಸಂಜೆ ಅವಳು ಮಾತು ತೆಗೆದುಕೊಂಡಳು. "ನಾಳೆ ಸುಮ್ನೆ ಕೂತ್ಕೊ ಸಾಕು. ಹಾಡಬೇಡ, ಆಮೆನ್ ಅನ್ನಬೇಡ. ಜಗಳ ಮಾತ್ರ ಬೇಡ. ನಂಗೋಸ್ಕರ."

"ಆಯ್ತು ಪುಟ್ಟಿ."

ಶನಿವಾರ ನಾಲ್ಕು ಗಂಟೆಗೆ ಮನೆ ತುಂಬಿತು. ಬಾಡಿಗೆ ಕುರ್ಚಿಗಳ ಮೇಲೆ ಹದಿನೈದು ಜನ, ಮೇಜಿನ ಮೇಲೆ ಹೆಂಡತಿಯ ಫೋಟೊ. ಪಾಸ್ಟರು ಮಗಳಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಕೆಟ್ಟವರಲ್ಲ, ಬಾಯಲ್ಲಿ ಬೆಣ್ಣೆ. ಹಾಡಾಯಿತು. ಯಾರೋ ಸತ್ತವಳ ಕೈಯಡುಗೆ ನೆನೆಸಿಕೊಂಡು ಅತ್ತರು. ಮೇಸ್ತ್ರಿ ಮೂಲೆಯ ಕುರ್ಚಿಯಲ್ಲಿ ಮೊಣಕಾಲು ಹಿಡಿದುಕೊಂಡು ಕುಳಿತೇ ಇದ್ದ. ಮಗಳು ಆಗಾಗ ತಿರುಗಿ ನೋಡಿ, ಸಣ್ಣದಾಗಿ ತಲೆಯಾಡಿಸುತ್ತಿದ್ದಳು. ಪರೀಕ್ಷೆಯಲ್ಲಿ ಕೂತ ದಡ್ಡ ಹುಡುಗನಿಗೆ ಟೀಚರ್ ಧೈರ್ಯ ಹೇಳುವ ಹಾಗೆ.

ಪಾಸ್ಟರು ಮಾತಿಗೆ ನಿಂತರು. "ಈ ಮನೆಯಲ್ಲಿ ಒಂದು ವರ್ಷದ ಹಿಂದೆ ಎರಡು ದೀಪ ಆರಿದವು. ಒಂದು ನಮ್ಮ ಸಹೋದರಿಯ ಉಸಿರು. ಇನ್ನೊಂದು ನಮ್ಮ ಸಹೋದರರ ವಿಶ್ವಾಸ."

ಮೇಸ್ತ್ರಿ ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಎಲ್ಲರೂ ಅವರ ಕಡೆ ಕೈ ಚಾಚೋಣ," ಎಂದರು ಪಾಸ್ಟರು. ಹದಿನೈದು ಜನರ ಮೂವತ್ತು ಕೈ ಅವನ ಕಡೆ ಚಾಚಿದವು. "ಕರ್ತನೇ, ನಮ್ಮ ಸಹೋದರಿ ನಿನ್ನ ಬಳಿ ಕೂತು ಇವತ್ತು ಕಣ್ಣೀರು ಹಾಕುತ್ತಿರಬಹುದು. ನನ್ನ ಸಾವೇ ನನ್ನ ಗಂಡನ ಕಾಲಿಗೆ ಎಡವುಗಲ್ಲಾಯಿತಲ್ಲ ಎಂದು..."

"ನಿಲ್ಸಿ."

ಕುರ್ಚಿ ಹಿಂದಕ್ಕೆ ಬಿತ್ತು. ಮಗಳು "ಅಪ್ಪ" ಅಂದಳು. ಅವನ ಕಿವಿಗೆ ಬೀಳಲಿಲ್ಲ.

"ಅವಳನ್ನ ಯಾಕ್ರೀ ಅಳಿಸ್ತೀರ? ಬದುಕಿದ್ದಾಗ ಒಬ್ಬರಿಗೆ ಎದುರು ಮಾತಾಡಿದೋಳಲ್ಲ. ಸತ್ತ ಮೇಲೆ ಅವಳ ತಲೆಗೆ ಕಟ್ತೀರಾ? ನಾನು ಬಿಟ್ಟಿದ್ದು ಅವಳು ಸತ್ತಿದ್ದಕ್ಕಲ್ಲ. ಅವಳು ಕಲ್ಲುಗುಂಡಿನ ಹಾಗೆ ಓಡಾಡ್ಕೊಂಡಿದ್ದಾಗಲೇ ನಂಗೆ ನಂಬಿಕೆ ಹೋಗಿತ್ತು. ಅವಳು ಸಾಯೋಕೆ ಮೂರು ವರ್ಷ ಮುಂಚೆ. ಕುಡಿದಿರ್ಲಿಲ್ಲ, ಯಾರೂ ಬೈದಿರ್ಲಿಲ್ಲ, ಯಾವಳನ್ನೂ ಇಟ್ಕೊಂಡಿರ್ಲಿಲ್ಲ. ಯೋಚನೆ ಮಾಡ್ದೆ, ಹೋಯ್ತು!"

ಪಾಸ್ಟರು ಮೆತ್ತಗೆ ಅವನ ಭುಜ ಮುಟ್ಟಿದರು. "ನೋವು ಹೀಗೆಲ್ಲ ಮಾತಾಡಿಸುತ್ತೆ ಸಹೋದರ."

"ನೋವಲ್ರೀ ಮಾತಾಡ್ತಿರೋದು, ನಾನು! ಇಲ್ಲೇ ನಿಂತಿದೀನಿ, ನನ್ನ ಕೇಳ್ರೀ!"

"ಪಾಪ," ಎಂದು ಒಬ್ಬಾಕೆ ಮೂಗು ಒರೆಸಿಕೊಂಡಳು. ಹಿರಿಯರು ಕಣ್ಣು ಮುಚ್ಚಿಕೊಂಡು ತುಟಿ ಅಲುಗಿಸುತ್ತಿದ್ದರು. ಒಬ್ಬರ ಮುಖದಲ್ಲೂ ಮಾತು ಇಳಿದ ಗುರುತಿರಲಿಲ್ಲ.

ಮಗಳು ಮಾತ್ರ ನಂಬಿದ್ದಳು. ಬಿಳಿಚಿಕೊಂಡು ಎದ್ದು ನಿಂತಿದ್ದಳು.

"ಮೂರು ವರ್ಷ ಮುಂಚೆನಾ?"

"ಹೂಂ ಪುಟ್ಟಿ."

"ಹಾಗಾದ್ರೆ ಆಸ್ಪತ್ರೆಯಲ್ಲಿ?"

ಮೇಸ್ತ್ರಿಗೆ ಆಗ ಹೊಳೆಯಿತು, ತಾನು ಏನು ಬಿಚ್ಚಿಟ್ಟೆ ಎಂದು. ನಲವತ್ತು ದಿನ ಆಸ್ಪತ್ರೆ. ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ಮಂಡಿಯೂರಿ, ಹೆಂಡತಿಯ ಕೈ ಹಿಡಿದು, ಅವಳ ಜೀವ ಉಳಿಸು ಎಂದು ಜೋರಾಗಿ ಪ್ರಾರ್ಥಿಸಿದವನು ಅವನೇ. ಕಾಲ ಕಡೆ ನಿಂತು ಆಮೆನ್ ಅಂದವಳು ಮಗಳು. ಗಂಡ ಹೆಂಡತಿ ಇಬ್ಬರೂ ಒಂದೇ ಮನಸ್ಸಿನಿಂದ ಬೇಡಿದರೆ ದೇವರು ಇಲ್ಲ ಅನ್ನುವುದಿಲ್ಲ ಎಂದು ಆ ಸಭೆಯಲ್ಲಿ ಕಲಿಸುತ್ತಿದ್ದರು. ಮೇಸ್ತ್ರಿಯೇ ವರ್ಷಗಟ್ಟಲೆ ಕಲಿಸಿದ್ದ, ಮಗಳಿಗೂ ಸೇರಿಸಿ. ಅಪ್ಪ ಅಮ್ಮ ಇಬ್ಬರೂ ಬೇಡುತ್ತಿದ್ದಾರೆ, ಆಗೇ ಆಗುತ್ತದೆ ಎಂದು ಅವಳು ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

"ಅಮ್ಮ ಒಬ್ಬಳೇ ಬೇಡ್ತಿದ್ದಳು," ಎಂದಳು ಮಗಳು. "ನೀವು ಬರೀ ಬಾಯಿ ಆಡಿಸ್ತಿದ್ರಿ." ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ನೀವು ಅಂದವಳಲ್ಲ. "ಅದಕ್ಕೇ ಅದು ಮೇಲಕ್ಕೆ ಮುಟ್ಟಲಿಲ್ಲ. ಅದಕ್ಕೇ ಅಮ್ಮ ಹೋದಳು."

ಮೇಸ್ತ್ರಿ ಜೀವನದಲ್ಲಿ ಮೊದಲ ಸಲ ಪಾಸ್ಟರ ಕಡೆ ಅಂಗಲಾಚಿ ನೋಡಿದ. "ಹಾಗಲ್ಲ ಅಂತ ಹೇಳ್ರೀ ಅವಳಿಗೆ. ನಿಮ್ಮ ದೇವರು ಅಂಥೋನಲ್ಲ ಅಂತ ಒಂದು ಮಾತು ಹೇಳ್ರೀ."

ಪಾಸ್ಟರು ನೆಲ ನೋಡಿದರು. "ದೇವರ ದಾರಿ ನಮ್ಮಂಥೋರಿಗೆ ತಿಳಿಯೋದಿಲ್ಲ," ಎಂದರು.

ಅವನ ಬಾಯಿಯೊಳಗೆ ಒಂದು ಮಾತು ಇತ್ತು. ಅದನ್ನು ಉಗುಳಿದ್ದರೆ ಅವನು ಅಲ್ಲೇ ಗೆದ್ದುಬಿಡುತ್ತಿದ್ದ. ಆಸ್ಪತ್ರೆ ಸೇರಿದ ಮೂರನೇ ವಾರ, ಮಗಳು ಮಾತ್ರೆ ತರಲು ಹೋಗಿದ್ದಾಗ, ಹೆಂಡತಿ ಕಣ್ಣು ಬಿಟ್ಟು ಹೇಳಿದ್ದಳು: "ನಿಮಗೆ ಇದ್ರಲ್ಲಿ ನಂಬಿಕೆ ಇಲ್ಲ ಅಂತ ನಂಗೆ ಯಾವತ್ತೋ ಗೊತ್ತು ರೀ." ಇವನು "ನಿಲ್ಲಿಸ್ಲಾ?" ಅಂದಿದ್ದ. "ಬೇಡ. ನಿಮ್ಮ ದನಿ ಕೇಳ್ತಿದ್ರೆ ಹಾಯಾಗಿರುತ್ತೆ." ಆಮೇಲೆ ಛಾವಣಿ ನೋಡುತ್ತಾ, "ನಂಗೂ ಈಗೀಗ ಆ ಕಡೆಯಿಂದ ಏನೂ ಕೇಳಿಸ್ತಿಲ್ಲ. ಪುಟ್ಟಿಗೆ ಹೇಳ್ಬೇಡಿ," ಅಂದಿದ್ದಳು.

ಅವನು ಹೇಳಲಿಲ್ಲ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಜನ ಟೀ ಕುಡಿಯದೆ ಎದ್ದು ಹೋದರು. ಮಗಳು ಅಮ್ಮನ ಫೋಟೊ ಎತ್ತಿಕೊಂಡು ಹೋದಳು.

ವಾರದೊಳಗೆ ಹಳೆಯ ಕಾರಣ ಸತ್ತು ಹೊಸದು ಹುಟ್ಟಿತು. ಹೆಂಡತಿ ಸತ್ತಿದ್ದಕ್ಕೆ ವಿಶ್ವಾಸ ಬಿಟ್ಟವನಲ್ಲ, ವಿಶ್ವಾಸವಿಲ್ಲದೆ ಪ್ರಾರ್ಥಿಸಿ ಹೆಂಡತಿಯನ್ನು ಕೊಂದವನು. ಪಂಪ್ ಒಯ್ಯಲು ಬಂದ ಹಿರಿಯರು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ರಸ್ತೆಯಲ್ಲೇ ನಿಂತು ತೆಗೆದುಕೊಂಡರು. ಬೇರಿಂಗ್ ತಿರುಗದೆ ಬಿಗಿದುಕೊಂಡು ಸುಟ್ಟಿತ್ತು, ಕರೆಂಟಿನ ತಪ್ಪಲ್ಲ ಎಂದು ಮೇಸ್ತ್ರಿ ಹೇಳಿದ. ಅದಕ್ಕೂ ಅವರು ಹೂಂ ಅನ್ನಲಿಲ್ಲ.

"ದುಃಖ ಕೊಟ್ಟಿದ್ರು, ಒಲ್ಲೆ ಅಂದೆ," ಎಂದ ದರ್ಜಿ. "ಈಗ ಕೊಲೆ ಹೊಲಿದಿದಾರೆ. ಇದಂತೂ ಸಾಯೋವರೆಗೂ ಹರಿಯಲ್ಲ ಕಣೋ."

"ಎದ್ದು ಹೋಗೋ ಇಲ್ಲಿಂದ!" ಎಂದು ಮೇಸ್ತ್ರಿ ಸುತ್ತಿಗೆ ಬೀಸಿ ಒಗೆದ. ದರ್ಜಿಗೆ ತಗಲಲಿಲ್ಲ, ವಾರ್ನಿಷ್ ಡಬ್ಬ ಉರುಳಿತು.

ಸಂಜೆಯ ಅರ್ಧ ಗಂಟೆ ನಿಂತುಹೋಯಿತು. ಹತ್ತನೆಯ ದಿನ ನಡು ಮಧ್ಯಾಹ್ನ, ಮಗಳು ಕೆಲಸದ ಬಿಳಿ ಕೋಟಿನಲ್ಲೇ ಅಂಗಡಿಗೆ ಬಂದಳು. ಕೂರಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮೇಸ್ತ್ರಿ ಸುತ್ತುತ್ತಿದ್ದ ತಂತಿಯನ್ನು ಕೈಯಲ್ಲೇ ಹಿಡಿದು ಎದ್ದು ನಿಂತ.

"ಒಂದೇ ಒಂದು ಕೇಳ್ತೀನಿ. ಇದಕ್ಕಾದ್ರೂ ಸುಳ್ಳು ಹೇಳಬಾರದು."

"ಕೇಳು."

"ಅಮ್ಮನಿಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದರೆ ಆ ಕೈ ಮತ್ತೆ ಸಿಗಬಹುದಿತ್ತು. ಗಂಡ ಹೆಂಡತಿ ಕೂಡಿ ಮಾಡಿದ್ದು, ಇದರಲ್ಲಿ ಮೋಸವಿಲ್ಲ ಅನ್ನಬಹುದಿತ್ತು. ಆದರೆ ಅವಳು ಅಲ್ಲಿಗೆ ನಿಲ್ಲುವವಳಲ್ಲ. ಗೊತ್ತಿದ್ದೂ ಅಮ್ಮ ಯಾಕೆ ಒಪ್ಪಿದಳು ಎಂದು ಕೇಳುತ್ತಾಳೆ, ಆಮೇಲೆ ಅದರ ಹಿಂದಿನದನ್ನು ಕೇಳುತ್ತಾಳೆ, ಛಾವಣಿ ನೋಡುತ್ತಾ ಆಡಿದ ಆ ಮಾತಿನವರೆಗೂ ಬಿಚ್ಚಿಸಿಯೇ ಬಿಡುತ್ತಾಳೆ. ಅವನದೇ ಮಗಳಲ್ಲವೇ.

"ಇಲ್ಲ," ಎಂದ ಮೇಸ್ತ್ರಿ.

"ಅನುಮಾನವೂ ಬಂದಿರ್ಲಿಲ್ವಾ?"

"ಇಲ್ಲ. ನಾನು ಚೆನ್ನಾಗಿ ನಾಟಕ ಆಡ್ದೆ. ಅವಳು ಪೂರ್ತಿ ನಂಬಿದ್ಲು. ನನ್ನನ್ನೂ, ದೇವರನ್ನೂ. ಕೊನೇವರೆಗೂ."

ಹತ್ತು ದಿನದಿಂದ ಗಂಟು ಕಟ್ಟಿದ್ದ ಮಗಳ ಮುಖ ಸಡಿಲವಾಯಿತು. ಆಮೇಲೆ, ರಸ್ತೆಯಲ್ಲಿ ಕಂಡ ಯಾರನ್ನೋ ನೋಡುವ ಹಾಗೆ ಅಪ್ಪನನ್ನು ನೋಡಿದಳು.

"ಸದ್ಯ. ದೇವರು ದೊಡ್ಡೋನು," ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಮೆಟ್ಟಿಲಿಳಿದು ಹೋದಳು.