ಬಾಯಿಗೆ ಬಿಟ್ಟ ಬೆರಳು

ಕನ್ನಡಕದ ಅಂಗಡಿಯ ಮೇಲೆ ಒಂದೇ ಕೋಣೆ, ಒಂದು ಮೇಜು, ಎದುರುಬದುರಾಗಿ ಎರಡು ಕುರ್ಚಿ. ಅಲ್ಲಿ ಕೂತು ಜನರ ಬೆರಳಿಗೆ ಕೃತಕ ಉಗುರು ಕೂರಿಸುವ ಹೆಂಗಸನ್ನು ಇಡೀ ಬೀದಿ ಉಗುರಕ್ಕ ಅಂತಲೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಷೋಕಿಗೆ ಉಗುರು ಬೇಕಾದವರು ಬೀದಿಯ ಆ ತುದಿಯಲ್ಲಿದ್ದ ಗಾಜಿನ ಬಾಗಿಲಿನ ಪಾರ್ಲರಿಗೆ ಹೋಗುತ್ತಿದ್ದರು. ಉಗುರಕ್ಕನ ಮೆಟ್ಟಿಲು ಹತ್ತುತ್ತಿದ್ದವರೇ ಬೇರೆ. ಅವರು ಜೇಬಿನಿಂದ ಕೈ ತೆಗೆಯದವರು, ಟೀ ಲೋಟವನ್ನು ಮುಷ್ಟಿಯಲ್ಲಿ ಹಿಡಿಯುವವರು, ಫೋಟೋ ಅಂದರೆ ಕೈಯನ್ನು ಬೆನ್ನ ಹಿಂದೆ ಸರಿಸುವವರು. ಒಟ್ಟಿನಲ್ಲಿ ಉಗುರು ಕಚ್ಚುವವರು. ಅದೂ ಸುಮ್ಮನೆ ಹೊತ್ತು ಹೋಗದೆ ಕಚ್ಚುವವರಲ್ಲ, ರಕ್ತ ಬರುವ ತನಕ ಕಚ್ಚುವವರು. ಅಂಥವರ ಉಗುರು ಅಂಗಿಯ ಗುಂಡಿಯಷ್ಟು ಸಣ್ಣಗಾಗಿ, ಬೆರಳ ತುದಿಯ ಮಾಂಸ ಉಬ್ಬಿ ಅದರ ಮೇಲೆ ಬಾಗಿರುತ್ತದೆ. ಅದರ ಮೇಲೆ ಉಗುರು ನಿಲ್ಲಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಉಬ್ಬಿದ ಮಾಂಸವನ್ನು ಮೆಲ್ಲಗೆ ಕೆಳಗೆ ಒತ್ತಿ, ಉಗುರಿನ ಅಡಿಯಲ್ಲಿ ಕಾಗದದ ಅಚ್ಚು ಕೂರಿಸಿ, ಅದರ ಮೇಲೆ ಜೆಲ್ ಎಳೆದು, ದೀಪದಡಿ ಇಟ್ಟು ಗಟ್ಟಿ ಮಾಡಬೇಕು. ಉದ್ದ ಬೆರಳ ತುದಿಯ ತನಕ ಬಂದರೆ ಸಾಕು, ಅದಕ್ಕಿಂತ ಕೂದಲೆಳೆಯಷ್ಟೂ ಮುಂದೆ ಹೋಗಬಾರದು. ಹೋದರೆ ಬಾಗಿಲ ಚಿಲಕಕ್ಕೆ ಸಿಕ್ಕಿ ಬುಡಸಮೇತ ಎದ್ದು ಬರುತ್ತದೆ.

ಉಗುರಕ್ಕನಿಗೆ ಎರಡು ನಿಯಮ. ಒಂದು, ಯಾಕೆ ಕಚ್ಚುತ್ತೀರಿ ಅಂತ ಕೇಳಬಾರದು. ಅಮ್ಮಂದಿರು, ಗಂಡಂದಿರು, ಮೇಷ್ಟ್ರುಗಳು ಎಲ್ಲರೂ ಅದನ್ನೇ ಕೇಳಿ ಕೇಳಿ ಸುಸ್ತಾಗಿರುತ್ತಾರೆ, ತಾನೂ ಕೇಳಿ ಏನು ಕಡಿದು ಕಟ್ಟೆ ಹಾಕಬೇಕು? ಎರಡನೆಯದು, ಮೊದಲ ಸಲ ಬಂದವರಿಗೆ ಒಂಬತ್ತೇ ಉಗುರು. ಎಡಗೈ ಕಿರುಬೆರಳನ್ನು ಹಾಗೇ ಬಿಡುವುದು. "ಅದು ಬಾಯಿಗೆ," ಅನ್ನುತ್ತಿದ್ದಳು. "ಹತ್ತೂ ಮುಚ್ಚಿದ್ರೆ ಬಾಯಿ ಹತ್ತನ್ನೂ ಕೀಳುತ್ತೆ. ಒಂದನ್ನ ಬಿಟ್ಟುಕೊಡಿ, ಒಂಬತ್ತು ಉಳಿಯುತ್ತೆ." ಈ ಬುದ್ಧಿಯನ್ನು ಅವಳಿಗೆ ಕಲಿಸಿದ್ದು ಒಬ್ಬ ವಕೀಲ. ಹತ್ತು ಉಗುರು ಹಾಕಿಸಿಕೊಂಡು ಹೋದ ಮಹಾರಾಯ ಮೂರನೇ ದಿನ ಹತ್ತನ್ನೂ ಕೋಟಿನ ಜೇಬಿನಲ್ಲಿಟ್ಟುಕೊಂಡು ವಾಪಸ್ ಬಂದಿದ್ದ.

ಆ ಸೋಮವಾರ ಬಂದ ಹುಡುಗಿಗೆ ಇಪ್ಪತ್ತಾರು ವರ್ಷ. ಮೇಜಿನ ಮೇಲೆ ಕೈ ಇಟ್ಟಳು, ಮುಖ ಕಿಟಕಿಯ ಕಡೆಗಿತ್ತು. ಉಗುರಕ್ಕ ಹತ್ತೂ ಬೆರಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಒಂದರಲ್ಲೂ ಅಕ್ಕಿಕಾಳಿನಷ್ಟು ಬಿಳಿ ಅಂಚಿರಲಿಲ್ಲ.

"ಒಂಬತ್ತು ಹಾಕ್ತೀನಿ," ಅಂದಳು.

"ಹತ್ತೂ ಬೇಕು ಅಕ್ಕ. ಶನಿವಾರ ನನ್ನ ಪರೀಕ್ಷೆ ಇದೆ."

"ಕೈಯಲ್ಲಿ ಬರೆಯೋ ಪರೀಕ್ಷೆ ತಾನೆ? ಕಿರುಬೆರಳಿನಲ್ಲಿ ಯಾರಮ್ಮ ಬರೀತಾರೆ?"

"ಬರೆಯೋದಲ್ಲ, ಕೈಯಲ್ಲಿ ಮಾತಾಡೋ ಪರೀಕ್ಷೆ."

ಹುಡುಗಿ ಸನ್ನೆ ಭಾಷೆಯ ದುಭಾಷಿಯಾಗಲು ಹೊರಟವಳು. ಕಿವಿ ಕೇಳಿಸದವರಿಗೆ ಡಾಕ್ಟರ ಮಾತನ್ನು ಕೈಯಲ್ಲಿ ಹೇಳಬೇಕು, ಅವರ ಕೈಮಾತನ್ನು ಡಾಕ್ಟರಿಗೆ ಬಾಯಲ್ಲಿ ಹೇಳಬೇಕು. ಪರೀಕ್ಷೆ ಪಾಸಾದರೆ ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಅವಳ ಅಮ್ಮನಿಗೇ ಹುಟ್ಟಿನಿಂದ ಕಿವಿ ಕೇಳಿಸದು, ಹಾಗಾಗಿ ಈ ಭಾಷೆ ಅವಳಿಗೆ ನಡೆಯುವ ಮೊದಲೇ ಬಂದಿತ್ತು. ಆದರೂ ಹೋದ ವರ್ಷ ಫೇಲಾಗಿದ್ದಳು.

"ಕೈ ನೋಡಿದ್ರೆ ಮಾತಿನ ಕಡೆ ಗಮನ ಹೋಗಲ್ಲ, ಗಾಯದ ಕಡೆ ಹೋಗುತ್ತೆ ಅಂತ ಪರೀಕ್ಷಕರು ಬರೆದುಕೊಟ್ರು. ಇನ್ನೂ ಏನೋ ಒಂದು ಬರೆದಿದ್ರು, ಬಿಡಿ. ಎರಡು ಸಲ ಫೇಲಾದವರನ್ನ ಮತ್ತೆ ಕೂರಿಸಲ್ಲ ಅಕ್ಕ. ಇದೇ ಕೊನೆ."

ನಿಯಮ ಮುರಿಯುವುದೆಂದರೆ ಉಗುರಕ್ಕನಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಆದರೂ ಕೇಳಿದಳು, "ನಿನ್ನ ಭಾಷೇಲಿ ಕೆಲಸ ಇಲ್ಲದ ಬೆರಳು ಯಾವುದಾದ್ರೂ ಇದೆಯಾ? ಅದನ್ನ ಬಿಡ್ತೀನಿ."

ಹುಡುಗಿ ಮೊದಲ ಸಲ ನಕ್ಕಳು. "ಎಲ್ಲ ದುಡಿಯೋವೇ."

ಜಪ್ಪಯ್ಯ ಅಂದರೂ ಬಗ್ಗದವಳು ಆ ನಗುವಿಗೆ ಬಗ್ಗಿಬಿಟ್ಟಳು. ಹತ್ತನ್ನೂ ಹಾಕಿದಳು, ಮೂರು ಗಂಟೆ ಹಿಡಿಯಿತು. ಕೆಲಸ ನಡೆಯುತ್ತಿರುವಾಗ ಹುಡುಗಿ ತನ್ನ ವಿದ್ಯೆಯ ಬಗ್ಗೆ ಹೇಳುತ್ತಿದ್ದಳು. ದುಭಾಷಿಯಾದವರು 'ಇವರು ಹೀಗೆ ಹೇಳ್ತಿದಾರೆ' ಅನ್ನುವ ಹಾಗಿಲ್ಲವಂತೆ. 'ನನಗೆ ಹೊಟ್ಟೆನೋವು' ಅಂತ ರೋಗಿ ಅಂದರೆ ಇವಳೂ 'ನನಗೆ ಹೊಟ್ಟೆನೋವು' ಅನ್ನಬೇಕಂತೆ. ತನ್ನದು ಒಂದಕ್ಷರ ಸೇರಿಸಬಾರದು, ಬೇರೆಯವರದು ಒಂದಕ್ಷರ ನುಂಗಬಾರದು.

"ಅಬ್ಬಾ, ನನ್ನ ಕೈಲಾಗಲ್ಲ ತಾಯಿ," ಅಂದಳು ಉಗುರಕ್ಕ. "ನಾನು ಉಪ್ಪುಖಾರ ಹಚ್ಚದೆ ಟೈಮ್ ಎಷ್ಟು ಅಂತಾನೂ ಹೇಳಲಾರೆ."

ಹೋಗುವಾಗ ಹುಡುಗಿ ಹತ್ತು ಬೆರಳನ್ನೂ ಬೆಳಕಿಗೆ ಹಿಡಿದು ನೋಡಿಕೊಂಡಳು. ಆ ಕೈ ಅವಳದೇ ಅಂತ ಅವಳಿಗೇ ನಂಬಿಕೆ ಬಂದಂತಿರಲಿಲ್ಲ. ಉಗುರಕ್ಕನಿಗೆ ಖುಷಿಯಾಯಿತು, ಕಣ್ಣು ಮಾತ್ರ ಬಾಯಿಗೆ ಬಿಡಬೇಕಿದ್ದ ಆ ಎಡಗೈ ಕಿರುಬೆರಳಿನ ಮೇಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಮ್ಮ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವ ಕೆಲಸದವಳು, ದುಂಡು ಮುಖ, ಒಂದನ್ನೂ ಬಿಡದೆ ನೋಡುವ ಕಣ್ಣು. ಹುಡುಗಿ ಬಲಗೈ ಚಾಚಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಉಗುರುಗಳು ಕಿತ್ತುಹೋಗಿದ್ದವು. ಜೆಲ್ ಜೊತೆಗೆ ಅಡಿಯ ನಿಜವಾದ ಉಗುರಿನ ಪದರವೂ ಎದ್ದು ಬಂದು, ಉಳಿದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಬದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ನಿನ್ನೆ ಸಂಜೆ ಅಭ್ಯಾಸ ಮಾಡ್ತಿದ್ದೆ," ಅಂದಳು. "ಆಸ್ಪತ್ರೆ ಪಾಠ. ಡಾಕ್ಟ್ರು ಕೆಟ್ಟ ಸುದ್ದಿ ಹೇಳೋದು ಇರುತ್ತಲ್ಲ, ಆ ವೀಡಿಯೋ. ಮುಗಿದ ಮೇಲೆ ನೋಡ್ತೀನಿ, ಮಡಿಲಲ್ಲಿ ಮೂರು ಉಗುರು ಬಿದ್ದಿತ್ತು. ಮತ್ತೆ ಹಾಕಿಕೊಡಿ ಅಕ್ಕ, ನಾಳೆ ಹನ್ನೊಂದಕ್ಕೆ ಪರೀಕ್ಷೆ."

ಉಗುರಕ್ಕನಿಗೆ ತನ್ನ ಮೇಲೇ ಸಿಟ್ಟು ನೆತ್ತಿಗೇರಿತು. "ಗಾಯದ ಮೇಲೆ ನಾನು ಜೆಲ್ ಹಚ್ಚಲ್ಲ. ಹಚ್ಚಿದ್ರೆ ಕೀವಾಗಿ ಉಗುರೇ ಹೋಗುತ್ತೆ. ಈ ಮೂರಕ್ಕೂ ಕಡಿಮೆ ಅಂದ್ರೂ ಆರು ವಾರ ಏನೂ ಮಾಡೋ ಹಾಗಿಲ್ಲ. ತಪ್ಪು ನಂದು, ನಿನಗೆ ಒಂದು ಬೆರಳು ಬಿಡಬೇಕಿತ್ತು. ಅಮ್ಮಂಗೆ ಹೇಳು, ಪಾಪ, ಏನಾಯ್ತು ಅಂತ ಕೇಳ್ತಿದಾರೆ."

ಹುಡುಗಿ ಅಮ್ಮನ ಕಡೆ ತಿರುಗಿ ಕೈಯಾಡಿಸಿದಳು. ಅರ್ಧ ನಿಮಿಷವೂ ಆಗಲಿಲ್ಲ, ಮುಗಿಯಿತು.

ಅಮ್ಮ ಮಗಳನ್ನು ನೋಡಿದಳು, ಉಗುರಕ್ಕನ ಕೆಂಪಾದ ಮುಖವನ್ನು ನೋಡಿದಳು. ಆಮೇಲೆ ಚೀಲದಿಂದ ಮೊಬೈಲ್ ತೆಗೆದು ಏನೋ ಬರೆದು ಉಗುರಕ್ಕನ ಮುಂದೆ ಹಿಡಿದಳು: 'ನೀವು ಅಷ್ಟು ಹೊತ್ತು ಮಾತಾಡಿದಿರಿ. ಇವಳು, ಎರಡು ದಿನದಲ್ಲಿ ಸರಿಹೋಗುತ್ತಂತೆ, ಅಂದಳು. ಅಷ್ಟೇನಾ ನೀವು ಹೇಳಿದ್ದು?'

"ಎರಡು ದಿನವಾ? ಆರು ವಾರ ಅಂದ್ನಲ್ಲೇ!" ಉಗುರಕ್ಕ ಬೆರಳು ಮಡಚಿ ಆರು ತೋರಿಸಿದಳು. "ಒಂದಕ್ಷರ ನುಂಗಬಾರದು ಅಂತ ಸೋಮವಾರ ನನಗೆ ಪಾಠ ಹೇಳಿದವಳು ನೀನೇ ತಾನೆ?"

ಹುಡುಗಿಯ ಮುಖ ಇಳಿದುಹೋಯಿತು. "ಅದೇ ಅಕ್ಕ, ಹೋದ ವರ್ಷ ಪರೀಕ್ಷಕರು ಬರೆದಿದ್ದ ಇನ್ನೊಂದು. ಕಹಿ ಸುದ್ದಿ ಬಂದ್ರೆ ಸಿಹಿ ಮಾಡಿ ಹೇಳ್ತಾಳೆ ಅಂತ. ಬೇಕಂತ ಮಾಡಲ್ಲ ನಾನು. ಕೈ ತಾನಾಗೇ ಹಾಗೆ ತಿರುಗಿಬಿಡುತ್ತೆ."

ಅಮ್ಮ ಮೇಜು ತಟ್ಟಿದಳು. ಮಗಳು ತನ್ನ ಕಡೆ ನೋಡಿದ ಮೇಲೆ ನಿಧಾನವಾಗಿ ಕೈಯಾಡಿಸಲು ಶುರುಮಾಡಿದಳು. ಮಗಳು ಬೇಡವೆಂದು ತಲೆಯಾಡಿಸಿದಳು. ಅಮ್ಮ ಉಗುರಕ್ಕನ ಕಡೆ ಬೆರಳು ತೋರಿಸಿ, ಇವರಿಗೂ ಕೇಳುವ ಹಾಗೆ ಹೇಳು ಅಂತ ಸನ್ನೆ ಮಾಡಿದಳು. ಅದು ಉಗುರಕ್ಕನಿಗೂ ಅರ್ಥವಾಯಿತು.

"ಮನೆ ವಿಷಯ ಅಕ್ಕ," ಅಂದಳು ಹುಡುಗಿ.

"ನಾಳೆ ಪರೀಕ್ಷೇಲೂ ಹೀಗೇ ಅಂತೀಯಾ?"

ಹುಡುಗಿ ಉಸಿರು ಎಳೆದುಕೊಂಡು, ಅಮ್ಮನ ಕೈಯ ಮೇಲೆ ಕಣ್ಣಿಟ್ಟು, ಬಾಯಿಬಿಟ್ಟಳು. ಕಲಿತ ಪ್ರಕಾರವೇ ಹೇಳಿದಳು. ನಾನು ಅಂದರೆ ಅಮ್ಮ, ನೀನು ಅಂದರೆ ಹೇಳುತ್ತಿರುವ ಅವಳೇ.

"ಆ ದಿನಾನೂ ನೀನು ಎರಡು ದಿನ ಅಂದಿದ್ದೆ. ನಿನಗೆ ಏಳು ವರ್ಷ. ಅಪ್ಪ ಉಳಿಯಲ್ಲ, ಅಮ್ಮಂಗೆ ಹೇಳು ಅಂತ ಡಾಕ್ಟ್ರು ನಿನ್ನ ಕೈಲಿ ಹೇಳಿಸಿದ್ರು. ನೀನು ನನ್ನ ಕಡೆ ತಿರುಗಿ, ಎರಡು ದಿನದಲ್ಲಿ ಸರಿಹೋಗ್ತಾರಂತೆ ಅಂದೆ."

ಅಲ್ಲಿಗೆ ಹುಡುಗಿಯ ಬಾಯಿ ನಿಂತಿತು. ಅಮ್ಮನ ಕೈ ಮಾತ್ರ ನಿಲ್ಲಲಿಲ್ಲ.

"ನಾನು ನಂಬಲಿಲ್ಲ," ಅಂದಳು ಹುಡುಗಿ. ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೇ ಗೊತ್ತಾಯಿತು. "ನನಗೆ ಕಿವಿ ಇಲ್ಲ, ಕಣ್ಣೂ ಇಲ್ವಾ? ಡಾಕ್ಟ್ರ ಮುಖ ನೋಡ್ತಾನೇ ಇದ್ದೆ. ಆ ಸಂಜೆ ನಿನ್ನನ್ನ ಪಕ್ಕದ ಮನೆಗೆ ಕಳಿಸಿ, ಅಪ್ಪನ ಕೈ ಹಿಡ್ಕೊಂಡು ಕೂತೆ. ಹೇಳಬೇಕಾಗಿದ್ದೆಲ್ಲ ಹೇಳಿದೆ. ಅವರೂ ಹೇಳಿದ್ರು. ಏನೂ ಬಾಕಿ ಉಳೀಲಿಲ್ಲ. ನಿನ್ನ ಎದುರಿಗೆ ಮಾತ್ರ ನಂಬಿದ ಹಾಗೆ ನಟಿಸಿದೆ, ಮಗು ಹೆದರುತ್ತೆ ಅಂತ. ಇವತ್ತು ಹೇಳೋಣ ನಾಳೆ ಹೇಳೋಣ ಅಂತ ಹತ್ತೊಂಬತ್ತು ವರ್ಷ ಆಗೋಯ್ತು. ನೀನು ಉಗುರು ಕಚ್ಚೋಕೆ ಶುರು ಮಾಡಿದ್ದು ಆ ವಾರವೇ. ಅದನ್ನೂ ನೋಡಿದೆ. ತಪ್ಪು..."

ಮುಂದಿನದನ್ನು ನುಂಗುತ್ತಾಳೇನೋ ಅಂದುಕೊಂಡಳು ಉಗುರಕ್ಕ.

"ತಪ್ಪು ನನ್ನದು, ನಿನ್ನದಲ್ಲ," ಅಂತ ಹುಡುಗಿ ಪೂರ್ತಿ ಮಾಡಿದಳು.

ಕೆಳಗಿನ ಅಂಗಡಿಯಲ್ಲಿ ಯಾರೋ ಹೊಸ ಕನ್ನಡಕ ಹಾಕಿಕೊಂಡು ಅಕ್ಷರ ಓದಿ ತೋರಿಸುತ್ತಿದ್ದರು. ಉಗುರಕ್ಕ ಎದ್ದು ಮೂವರಿಗೂ ನೀರು ತಂದಳು. ಯಾಕೆ ಕಚ್ಚುತ್ತೀರಿ ಅಂತ ಅವಳು ಯಾವತ್ತೂ ಕೇಳಿದವಳಲ್ಲ. ಕೇಳದೆಯೇ ಗೊತ್ತಾದದ್ದು ಇದೇ ಮೊದಲು.

ಆಮೇಲೆ ಕೆಲಸಕ್ಕೆ ಕೂತಳು. ಉಳಿದ ಏಳು ಉಗುರುಗಳ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದಳು. ಮೂರು ಗಾಯ ತೊಳೆದು, ಚರ್ಮದ ಬಣ್ಣದ ತೆಳು ಪಟ್ಟಿ ಸುತ್ತಿದಳು, ಬೆರಳು ಮಡಚಲು ಅಡ್ಡಿಯಾಗದ ಹಾಗೆ. "ಕೈ ಹೇಗಿದೆ ಅಂತ ಕೇಳಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳು," ಅಂದಳು. ಹುಡುಗಿ ಅಮ್ಮನ ಕಡೆ ತಿರುಗಿ, ಯಾರೂ ಕೇಳದೆಯೇ ಅದನ್ನು ಕೈಯಲ್ಲಿ ಹೇಳಿದಳು. ಮೂರಕ್ಕೆ ಆರು ವಾರ ಬೇಕು ಅನ್ನುವುದನ್ನೂ ಸೇರಿಸಿದಳು. ಈ ಸಲ ಸುಮಾರು ಹೊತ್ತು ಹಿಡಿಯಿತು.

ಶನಿವಾರ ಹನ್ನೊಂದಕ್ಕೆ ಉಗುರಕ್ಕ ಒಬ್ಬ ಗಿರಾಕಿಯ ಹೆಬ್ಬೆರಳಿಗೆ ಕೂರಿಸಬೇಕಾದ ಅಚ್ಚನ್ನು ಕಿರುಬೆರಳಿಗೆ ಕೂರಿಸಿ ಬೈಸಿಕೊಂಡಳು.

ಮೂರು ವಾರ ಯಾವ ಸುದ್ದಿಯೂ ಇಲ್ಲ. ಫೋನ್ ಮಾಡಲು ಕೈ ಹೋಗುತ್ತಿತ್ತು, ಫೇಲಾಗಿದ್ದರೆ ಏನು ಮಾತಾಡುವುದು ಅಂತ ಸುಮ್ಮನಾಗುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಕೂತು, ಮೊದಲೇ ಬರೆದಿಟ್ಟುಕೊಂಡಿದ್ದ ಮೊಬೈಲನ್ನು ಚಾಚಿದಳು.

'ಪಾಸಾದಳು. ಆಸ್ಪತ್ರೆಯಲ್ಲಿ ಕೆಲಸಕ್ಕೂ ಸೇರಿದಳು. ನಿನ್ನೆ ಒಬ್ಬ ಹೆಂಗಸಿಗೆ ಕೆಟ್ಟ ಸುದ್ದಿ ಹೇಳಬೇಕಾಯಿತಂತೆ. ಡಾಕ್ಟರು ಹೇಳಿದ್ದನ್ನು ಹಾಗೇ ಹೇಳಿದಳಂತೆ. ಮನೆಗೆ ಬಂದು ಉಳಿದಿದ್ದ ಏಳು ಉಗುರನ್ನೂ ಕಿತ್ತುಹಾಕಿದಳು.'

"ಅಯ್ಯೋ ದೇವರೇ!" ಅಂತ ಉಗುರಕ್ಕ ಹಣೆ ಚಚ್ಚಿಕೊಂಡಳು. ಅಮ್ಮನ ಮುಖದಲ್ಲಿ ಮಾತ್ರ ದುಃಖದ ಸುಳಿವಿರಲಿಲ್ಲ. ಅವಳು ಬೆರಳಿನಿಂದ ಮೊಬೈಲಿನ ಪರದೆಯನ್ನು ಮೇಲೆ ಸರಿಸಿ, ಇನ್ನೂ ಇದೆ, ಓದಿ, ಅಂತ ಸನ್ನೆ ಮಾಡಿದಳು.

'ಏನಾಯಿತು ಅಂತ ಕೇಳಿದೆ. ಚಿಕ್ಕವಳಿದ್ದಾಗಿನಿಂದ ಯಾವಾಗ ಕೇಳಿದರೂ, ಏನಿಲ್ಲ, ಎಲ್ಲ ಸರಿಹೋಗುತ್ತೆ, ಅನ್ನುತ್ತಿದ್ದಳು. ನಿನ್ನೆ, ತುಂಬಾ ಕಷ್ಟ ಆಯ್ತು ಅಮ್ಮ, ಅಂದಳು. ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಏಳು ವರ್ಷದವಳಾದಾಗಿನಿಂದ ಇವಳು ನನ್ನ ಮುಂದೆ ಅತ್ತಿರಲಿಲ್ಲ.'